ಪೇಟೆ ಬೀದಿಯ ತಿಳಿವಳಿಕೆ



ನಮ್ಮ ಮನೆಯಲ್ಲಿ ಒಂದು ಹಳೆಯ ಕ್ಯಾಸೆಟ್ ರೆಕಾರ್ಡರ್ ಇದೆ. 1988ರಲ್ಲಿ ನಮ್ಮ ಕಡೆಯ ಒಂದು ಮದುವೆಯಲ್ಲಿ ಅಜ್ಜಿ ಹಾಡಿದ ಹಸೆಯ ಹಾಡುಗಳನ್ನು ತಂದೆಯವರು ಅದರಲ್ಲಿ ಮುದ್ರಿಸಿಕೊಂಡಿದ್ದರು. ಅಜ್ಜಿ ಹೋಗಿ ಬಹಳ ವರ್ಷಗಳಾದವು. ಕ್ಯಾಸೆಟ್ಟು ಮಾತ್ರ ಬೀರುವಿನಲ್ಲಿ ಬೆಚ್ಚಗೆ ಉಳಿದಿತ್ತು. ಕಳೆದ ವರ್ಷ ತಂದೆಯವರಿಗೆ ಇದ್ದಕ್ಕಿದ್ದಂತೆ ಅದನ್ನು ಕೇಳಬೇಕೆನಿಸಿತು. ನನ್ನ ವೃತ್ತಿಯೇ ದೃಶ್ಯ ಮತ್ತು ಧ್ವನಿ ಮುದ್ರಣದ್ದಾದ್ದರಿಂದ ಬೇರೆ ಯಂತ್ರದಲ್ಲಿ ಕೇಳಿಸುವುದು ಕಷ್ಟವೇನೂ ಆಗಿರಲಿಲ್ಲ. ಆದರೆ ಎಂಬತ್ತು ದಾಟಿದವರ ಹಟ ನಿಮಗೂ ಗೊತ್ತಿರಬಹುದು. "ಅದೇ ಪೆಟ್ಟಿಗೆಯಲ್ಲಿ ಕೇಳಬೇಕು" ಎಂದರು.

ಪೆಟ್ಟಿಗೆ ಬಿಚ್ಚಿ ನೋಡಿದೆ. ಮೋಟಾರು ತಿರುಗುತ್ತಿತ್ತು, ಟೇಪು ಓಡುತ್ತಿರಲಿಲ್ಲ. ಮೋಟಾರಿನಿಂದ ಚಕ್ರಕ್ಕೆ ಹಾಕಿದ್ದ ರಬ್ಬರು ಬೆಲ್ಟು ಕರಗಿ ಡಾಂಬರಿನಂತೆ ಅಂಟಿಕೊಂಡಿತ್ತು. ರಬ್ಬರಿನಂಥ ಪದಾರ್ಥಗಳು ಗಾಳಿ, ತೇವ, ಬಿಸಿಗಳಿಗೆ ಸಿಕ್ಕಿ ವರ್ಷಗಳ ಮೇಲೆ ಹೀಗೆ ಕೆಡುತ್ತವೆ. ಫೋನಿನಲ್ಲಿ ಹುಡುಕಿದರೆ ಇಂಥ ಬೆಲ್ಟುಗಳ ಪೊಟ್ಟಣಗಳೇನೋ ಕಂಡವು. ನೂರಾರು ಅಳತೆಯವು ಒಂದೇ ಪೊಟ್ಟಣದಲ್ಲಿ. ನನ್ನದು ಯಾವುದೆಂದು ಹೇಳುವವರಿಲ್ಲ. ಹಾಗಾಗಿ ಒಂದು ಶನಿವಾರ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಎಸ್.ಪಿ. ರಸ್ತೆಗೆ ಹೋದೆ. ಬೆಂಗಳೂರಿನಲ್ಲಿ ವಿದ್ಯುನ್ಮಾನ ಬಿಡಿಭಾಗಗಳಿಗೆ ಹೆಸರಾದ ಬೀದಿ ಅದು.

ಮೊದಲ ಅಂಗಡಿಯ ಹುಡುಗ ಪೆಟ್ಟಿಗೆಯನ್ನು ನೋಡಿದೊಡನೆ ನಕ್ಕ. "ನಮ್ಮಲ್ಲಿಲ್ಲ ಮೇಡಂ. ಮೂರು ಅಂಗಡಿ ದಾಟಿ ಎಡಗಡೆ ಓಣಿ, ಮಹಡಿ ಮೇಲೆ ಒಬ್ಬರು ಯಜಮಾನರಿದ್ದಾರೆ. ಅವರನ್ನು ಕೇಳಿ. ಪೆಟ್ಟಿಗೆ ತಂದದ್ದು ಒಳ್ಳೇದಾಯ್ತು, ಇಲ್ದಿದ್ರೆ ಬೈದು ಕಳಿಸ್ತಿದ್ರು" ಎಂದ. ಮಹಡಿ ಹತ್ತಿದೆ. ಎಂಟಡಿ ಉದ್ದ, ಆರಡಿ ಅಗಲದ ಕೋಣೆ. ಯಜಮಾನರು ಮಾತಾಡದೆ ಪೆಟ್ಟಿಗೆ ಬಿಚ್ಚಿದರು. ಅಂಟನ್ನು ಸ್ಪಿರಿಟ್ಟಿನಲ್ಲಿ ಒರೆಸಿದರು. ಬೆಲ್ಟು ಹಾಯುವ ದಾರಿಯಲ್ಲಿ ಹೊಲಿಗೆಯ ದಾರ ಸುತ್ತಿ, ಅದನ್ನು ಬಿಡಿಸಿ ಬೆರಳಲ್ಲಿ ಹಿಡಿದು, ಒಂದು ಬಿಸ್ಕತ್ತಿನ ಡಬ್ಬದಿಂದ ಮೂರು ಬೆಲ್ಟು ತೆಗೆದರು. "ದಾರದ ಅಳತೆಗಿಂತ ಒಂಚೂರು ಕಮ್ಮಿ ಇರಬೇಕಮ್ಮ. ಸಡಿಲ ಆದ್ರೆ ಜಾರುತ್ತೆ, ಬಿಗಿ ಆದ್ರೆ ಮೋಟಾರು ಏದುಸಿರು ಬಿಡುತ್ತೆ, ಹಾಡು ಎಳೆದಂಗಾಗುತ್ತೆ" ಎಂದರು. ಮೂರನ್ನೂ ಎಳೆದು ನೋಡಿ ನಡುವಿನದನ್ನು ಹಾಕಿದರು. 80 ರೂಪಾಯಿ ಕೊಟ್ಟೆ. ಕೂಲಿ ಬೇಡವೆಂದರು. ತಮ್ಮ ನಂತರ ಈ ಅಂಗಡಿ ಇರುವುದಿಲ್ಲ, ಮಗ ಕಂಪನಿಯೊಂದರಲ್ಲಿದ್ದಾನೆ, ಡಬ್ಬಗಳನ್ನು ಗುಜರಿಗೆ ಹಾಕಬೇಕು ಎಂಬುದನ್ನೂ, ಹೊರಗೆ ಮಳೆ ಬರುತ್ತಿದೆ ಎನ್ನುವ ಧಾಟಿಯಲ್ಲಿ ಹೇಳಿದರು.

ಈ ಸಣ್ಣ ಪ್ರಸಂಗವನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ದೊಡ್ಡ ನಗರದ ಪೇಟೆಗಳ ಬಗ್ಗೆ ಮಾತು ಬಂದಾಗ ನಾವು ಸಾಮಾನ್ಯವಾಗಿ ಅಲ್ಲಿನ ಗದ್ದಲ, ಬಣ್ಣ, ಅಗ್ಗದ ಬೆಲೆ ಇವನ್ನು ಹೇಳುತ್ತೇವೆ. ನಮ್ಮ ಕ್ಯಾಮೆರಾಗಳೂ ಅವನ್ನೇ ತೋರಿಸುತ್ತವೆ. ಆ ಶನಿವಾರ ನನಗೆ ಸಿಕ್ಕಿದ್ದರಲ್ಲಿ ಬೆಲ್ಟು ಒಂದು ಭಾಗ ಮಾತ್ರ. ಯಾರ ಬಳಿ ಯಾವುದು ಸಿಗುತ್ತದೆ ಎಂಬ ತಿಳಿವು ಕೆಳಗಿನ ಹುಡುಗನದು. ಯಾವುದು ಹೊಂದುತ್ತದೆ ಎಂಬ ತಿಳಿವು ಮಹಡಿಯ ಯಜಮಾನರದು. ಮೊದಲನೆಯದಕ್ಕೆ ನಾನು ಬಿಡಿಗಾಸೂ ಕೊಡಲಿಲ್ಲ. ಎರಡನೆಯದಕ್ಕೆ ಕೊಟ್ಟದ್ದು ತೀರ ಕಡಿಮೆ. ಪೇಟೆ ಎನ್ನುವುದು ಇಂಥ ತಿಳಿವಳಿಕೆಯ ಉಗ್ರಾಣ. ಅದನ್ನು ಯಾರೂ ಬರೆದಿಟ್ಟಿಲ್ಲ. ಗಿರಾಕಿ ಬಂದು ಕೇಳುವಷ್ಟು ದಿನ ಮಾತ್ರ ಅದು ಇರುತ್ತದೆ.

ಹುಡುಗ ನನ್ನನ್ನು ಪಕ್ಕದವರ ಅಂಗಡಿಗೆ ಕಳಿಸಿದ್ದು ಔದಾರ್ಯದಿಂದ ಮಾತ್ರವೇ? ಅಲ್ಲವೆಂದು ನನ್ನ ಎಣಿಕೆ. ನಾಳೆ ಮಹಡಿಯವರೂ ಯಾರನ್ನೋ ಅವನ ಹತ್ತಿರ ಕಳಿಸುತ್ತಾರೆ. ಒಂದೇ ಸರಕಿನವರು ಒಂದೇ ಬೀದಿಯಲ್ಲಿ ಸೇರಿಕೊಳ್ಳುವುದು ಹೊರಗಿನಿಂದ ನೋಡಿದರೆ ವಿಚಿತ್ರವಾಗಿ ಕಾಣುತ್ತದೆ. ನಲವತ್ತು ಸೀರೆ ಅಂಗಡಿಗಳ ನಡುವೆ ನಲವತ್ತೊಂದನೆಯದನ್ನು ಯಾರಾದರೂ ಏಕೆ ತೆರೆಯಬೇಕು? ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1961ರಲ್ಲಿ ಮಾಹಿತಿಯ ಅರ್ಥಶಾಸ್ತ್ರದ ಬಗ್ಗೆ ಬರೆದ ಪ್ರಬಂಧವೊಂದರಲ್ಲಿ ಇದರ ಸುಳಿವಿದೆ. ಕೊಳ್ಳುವವನಿಗೆ ಬೆಲೆಯ ಜೊತೆಗೆ ಹುಡುಕಾಟದ ಖರ್ಚೂ ಇರುತ್ತದೆ: ಸಮಯ, ಓಡಾಟ, ಅನುಮಾನ. ವ್ಯಾಪಾರವೆಲ್ಲ ಒಂದೆಡೆ ಸೇರಿದರೆ ಆ ಖರ್ಚು ಇಳಿಯುತ್ತದೆ. ಹಾಗಾಗಿ ಕೊಳ್ಳುವವರು ಅಲ್ಲಿಗೇ ಬರುತ್ತಾರೆ. ಅವರು ಬರುವುದರಿಂದ ಮಾರುವವರೂ ಅಲ್ಲಿಗೇ ಬರುತ್ತಾರೆ. ನಮ್ಮ ಹಿರಿಯರು ಈ ಪ್ರಬಂಧ ಓದದೆಯೇ ಪೇಟೆ ಕಟ್ಟಿದರು ಎನ್ನುವುದು ಬೇರೆ ಮಾತು.

ಬೆಂಗಳೂರನ್ನು ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ಪ್ರತೀತಿ. ಎತ್ತುಗಳನ್ನು ಕಟ್ಟಿ ನಾಲ್ಕು ದಿಕ್ಕಿಗೆ ಉಳುಮೆ ಮಾಡಿಸಿ ಬೀದಿಗಳನ್ನು ಗುರುತಿಸಿದರೆಂಬ ಕಥೆಯನ್ನು ನೀವು ಶಾಲೆಯಲ್ಲಿಯೇ ಓದಿರಬಹುದು. ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಬೀದಿಗಳು ಕೂಡುವ ಚೌಕವೇ ಆ ಕಥೆಯ ಜಾಗ. ದೊಡ್ಡಪೇಟೆಯನ್ನು ನಾವೀಗ ಅವೆನ್ಯೂ ರಸ್ತೆ ಎನ್ನುತ್ತೇವೆ. ಅದರ ಸುತ್ತ ಹುಟ್ಟಿದ ಬಡಾವಣೆಗಳ ಹೆಸರೇ ಅವುಗಳ ಕಸುಬನ್ನು ಹೇಳುತ್ತವೆ: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ. ಹೆಸರು ಉಳಿದು ಸರಕು ಬದಲಾದದ್ದೂ ಉಂಟು. ಬಳೆಪೇಟೆಗೆ ಇಂದು ಜನ ವೀಣೆ, ತಬಲ, ಹಾರ್ಮೋನಿಯಂ ಕೊಳ್ಳಲು ಹೋಗುತ್ತಾರೆ. ಆದರೆ ಗುಂಪುಗೂಡುವ ಗುಣ ಹಾಗೆಯೇ ಉಳಿದುಬಂದಿದೆ. ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆ, ನಗರ್ತಪೇಟೆಯಲ್ಲಿ ಒಡವೆ ಮತ್ತು ಬಟ್ಟೆ, ಅವೆನ್ಯೂ ರಸ್ತೆಯಲ್ಲಿ ಹಳೆಯ ಪಠ್ಯಪುಸ್ತಕ, ಸುಲ್ತಾನಪೇಟೆಯ ಆಸುಪಾಸಿನಲ್ಲಿ ಕಾಗದ ಮತ್ತು ಲಗ್ನಪತ್ರಿಕೆ. ಪೇಟೆಯೊಳಗೆ ಜಾಗವಿಲ್ಲದೆ ತೀರ ಈಚೆಗೆ ಹುಟ್ಟಿದ ವ್ಯಾಪಾರಗಳೂ ಅದೇ ದಾರಿ ಹಿಡಿದಿವೆ, ಜೆ.ಸಿ. ರಸ್ತೆಯ ವಾಹನದ ಬಿಡಿಭಾಗಗಳ ಅಂಗಡಿಗಳನ್ನು ನೋಡಿ. ಮೋಟಾರು ಬಂದದ್ದು ಕೆಂಪೇಗೌಡರ ಕಾಲಕ್ಕಲ್ಲವಲ್ಲ!

ಪೇಟೆಯ ದಕ್ಷಿಣದ ತುದಿಗೆ ಕೃಷ್ಣರಾಜೇಂದ್ರ ಮಾರುಕಟ್ಟೆ. ಹಳಬರ ಬಾಯಲ್ಲಿ ಸಿಟಿ ಮಾರ್ಕೆಟ್ಟು. ಒಂದು ಕಾಲಕ್ಕೆ ಅಲ್ಲಿ ಸಿದ್ಧಿಕಟ್ಟೆ ಎಂಬ ಕೆರೆ ಇತ್ತು. ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಕಟ್ಟಿದ ಮಾರುಕಟ್ಟೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಇದನ್ನು ನೋಡಬೇಕಾದ ಹೊತ್ತು ಬೆಳಗಿನ ಜಾವ. ಕೋಲಾರ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ಆನೇಕಲ್ಲುಗಳಿಂದ, ಗಡಿಯಾಚೆಯ ಹೊಸೂರಿನ ಕಡೆಯಿಂದ ಹೂವಿನ ಮೂಟೆಗಳು ನಾಲ್ಕು ಗಂಟೆಗೆಲ್ಲ ಬಂದಿಳಿಯುತ್ತವೆ. ನನ್ನಂತೆ ವಿಜ್ಞಾನ ಓದಿದವರಿಗೆ ಅಲ್ಲೊಂದು ಪಾಠವಿದೆ. ಹೂವಿನ ಬೆಲೆ ಗಂಟೆ ಗಂಟೆಗೂ ಬದಲಾಗುವುದನ್ನು ಕಣ್ಣೆದುರು ನೋಡಬಹುದು. ಬಿಸಿಲು ಏರಿದಂತೆ ಹೂವಿನೊಳಗಿನ ನೀರು ಆರುತ್ತದೆ, ಜೊತೆಗೆ ಮಾರುವವನ ಧೈರ್ಯವೂ. ಐದು ಗಂಟೆಗೆ ಜಗ್ಗದವನು ಒಂಬತ್ತಕ್ಕೆ ಕರೆದು ಕೊಡುತ್ತಾನೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಾತ್ರ ಈ ಲೆಕ್ಕ ನಡೆಯುವುದಿಲ್ಲ.

ಕನಕಾಂಬರ ಕೆಜಿಗೆ ಸಾವಿರ ರೂಪಾಯಿ ದಾಟಿದ ಸುದ್ದಿಯನ್ನು ಪ್ರತಿ ಶ್ರಾವಣದಲ್ಲಿ ನಾವೂ ಪ್ರಸಾರ ಮಾಡುತ್ತೇವೆ, ನೀವೂ ನೋಡಿ ಹುಬ್ಬೇರಿಸುತ್ತೀರಿ. ಕನಕಾಂಬರಕ್ಕೆ ತೂಕವೇ ಇಲ್ಲ ಎಂಬುದನ್ನು ನಾವು ಹೇಳುವುದಿಲ್ಲ. ಒಂದು ಕೆಜಿ ಆಗಬೇಕಾದರೆ ಎಷ್ಟು ಸಾವಿರ ಹೂವು ಬಿಡಿಸಬೇಕು, ಎಷ್ಟು ಜನ ಹೆಂಗಸರು ಬೆಳಗಿನ ಜಾವ ಗಿಡದ ಮುಂದೆ ಬಗ್ಗಬೇಕು! ಸೇವಂತಿಗೆಗೂ ಅದಕ್ಕೂ ಒಂದೇ ತಕ್ಕಡಿಯಾದರೂ ಒಂದೇ ಲೆಕ್ಕವಲ್ಲ. ಇದನ್ನು ನನಗೆ ಹೇಳಿದವಳು ಅಲ್ಲಿ ಹೂ ಮಾರುವ ಒಬ್ಬ ಹೆಂಗಸು. ಕೆಲವು ವರ್ಷಗಳ ಹಿಂದೆ ಹಬ್ಬದ ಕಾರ್ಯಕ್ರಮವೊಂದಕ್ಕೆ ಅಲ್ಲಿ ಚಿತ್ರೀಕರಣ ಮಾಡಿದ್ದೆವು. ಮೇಲಿನ ಅಂತಸ್ತಿನಿಂದ ಕೆಳಗಿನ ಹೂರಾಶಿಗಳು, ಹಳದಿ, ಕೆಂಪು, ಬಿಳಿ, ಹಿನ್ನೆಲೆಗೆ ನಾಗಸ್ವರ. ಕೆಲಸ ಮುಗಿಸಿ ವೈರು ಸುತ್ತುತ್ತಿದ್ದಾಗ ಆಕೆ ಕೇಳಿದಳು: "ವರ್ಷಾ ಬರ್ತೀರ, ಹೂವ ಹಿಡ್ಕೊಂಡೋಗ್ತೀರ. ಹೋದ ತಿಂಗಳು ಚೆಂಡು ಹೂವ ತಿಪ್ಪೆಗೆ ಸುರಿದ್ವಲ್ಲ, ಅವಾಗ ಎಲ್ಲೋಗಿದ್ರಿ ಅಕ್ಕ?" ನಾನು ಉತ್ತರ ಕೊಡಲಿಲ್ಲ. ನಮ್ಮ ಕಾರ್ಯಕ್ರಮ ಚೆನ್ನಾಗಿಯೇ ಬಂತು, ಮೆಚ್ಚುಗೆಯೂ ಸಿಕ್ಕಿತು. ಈ ಮಾತು ಅದರಲ್ಲಿರಲಿಲ್ಲ.

ಹೂವಿನ ಸಾಲಿನಲ್ಲೇ ಇನ್ನೊಂದು ತಮಾಷೆಯ ಸಂಗತಿ. ದೇಶಕ್ಕೆ ಮೆಟ್ರಿಕ್ ಅಳತೆ ಬಂದು ಆರು ದಶಕ ದಾಟಿದೆ. ಬಿಡಿ ಹೂ ಕೆಜಿಗೆ ಹೋಗುತ್ತದೆ, ಸರಿ. ಕಟ್ಟಿದ ಹೂವನ್ನು ಮಾತ್ರ ಇಂದಿಗೂ ಮೊಳ, ಮಾರು ಲೆಕ್ಕದಲ್ಲೇ ಕೊಡುತ್ತಾರೆ. ಎರಡು ಕೈ ಚಾಚಿದರೆ ಒಂದು ಮಾರು. ಮನುಷ್ಯನ ಎತ್ತರ ಎಷ್ಟೋ ಸುಮಾರಾಗಿ ಅವನ ಚಾಚಿದ ಕೈಗಳ ಅಗಲವೂ ಅಷ್ಟೇ ಎಂದು ಶರೀರಶಾಸ್ತ್ರ ಹೇಳುತ್ತದೆ. ಅಂದರೆ ಐದಡಿಯ ಹೆಂಗಸಿನ ಮಾರು ಐದಡಿ, ಆರಡಿ ಗಂಡಸಿನದು ಆರಡಿ! ನಮ್ಮ ಅಜ್ಜಿ, ಅದೇ ಹಸೆಹಾಡಿನ ಅಜ್ಜಿ, "ಉದ್ದನೆಯವನ ಹತ್ತಿರ ಹೂ ತಗೋ" ಎನ್ನುತ್ತಿದ್ದಳು. ಅದು ಶುದ್ಧ ಗಣಿತವೆಂದು ನನಗೆ ಹೊಳೆದದ್ದು ಬಿ.ಎಸ್ಸಿ. ಮುಗಿಸಿದ ಮೇಲೆ. ಆದರೆ ಅಜ್ಜಿಗೆ ಗೊತ್ತಿದ್ದದ್ದು ವ್ಯಾಪಾರಿಗೆ ಗೊತ್ತಿರುವುದಿಲ್ಲವೆ? ಉದ್ದನೆಯವನು ಕೈಯನ್ನು ಪೂರ್ತಿ ಚಾಚುವುದಿಲ್ಲ. ಗಿಡ್ಡನೆಯವಳು ಕೊನೆಗೆ ಒಂದು ಗೇಣು ಕೊಸರು ಬಿಟ್ಟು ಕತ್ತರಿಸುತ್ತಾಳೆ.

ಈ ಕೊಸರು ಎಂಬ ಮಾತು ಈಗಿನ ಮಕ್ಕಳಿಗೆ ತಿಳಿಯದು. ಸೊಪ್ಪು ಕೊಂಡರೆ ಮೇಲೊಂದು ಕಡ್ಡಿ ಕೊತ್ತಂಬರಿ, ಕಡಲೆಕಾಯಿ ಅಳೆದ ಮೇಲೆ ಒಂದು ಹಿಡಿ. ಬಸವನಗುಡಿಯಲ್ಲಿ ಕಾರ್ತಿಕದ ಕಡೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯಲ್ಲಿ ಸೇರಿನ ಮೇಲೆ ಕೊಸರು ಹಾಕದವನ ಮುಂದೆ ಗಿರಾಕಿ ನಿಲ್ಲುವುದಿಲ್ಲ. ಇದನ್ನು ಬಿಟ್ಟಿ ಎಂದು ತಿಳಿಯಬೇಡಿ. ಬೆಲೆಯಲ್ಲಿ ಅದು ಸೇರಿರುತ್ತದೆ, ಇಬ್ಬರಿಗೂ ಗೊತ್ತಿರುತ್ತದೆ. ಆದರೂ ಕೊಡುವವನ ಕೈಯಿಂದ ಲೆಕ್ಕಕ್ಕೆ ಸಿಗದ ಒಂದು ಹಿಡಿ ಬಿದ್ದಾಗ ನಾಳೆ ಮತ್ತೆ ಅವನಲ್ಲಿಗೇ ಹೋಗುತ್ತೇವೆ. ಚೌಕಾಸಿಯೂ ಹೀಗೆಯೇ. ಚೌಕಾಸಿ ಮಾಡಲು ನಾಚುವವರು ಅನೇಕರಿದ್ದಾರೆ, ನಾನೂ ಅವರಲ್ಲೊಬ್ಬಳು. ಆದರೆ ಒಂದು ಮಾತು. ಸಗಟು ಅಂಗಡಿಯಲ್ಲಿ, ಸೀರೆ ಅಂಗಡಿಯಲ್ಲಿ ಕೇಳಿ, ತಪ್ಪಿಲ್ಲ. ಬೋಣಿಯ ಹೊತ್ತಿಗೆ ಬುಟ್ಟಿಯ ಮುಂದೆ ಕೂತ ಮುದುಕಿಯ ಹತ್ತಿರ ಎರಡು ರೂಪಾಯಿಗೆ ಜಗಳವಾಡಿ, ಮಾಲಿನಲ್ಲಿ ಚೀಟಿ ಅಂಟಿಸಿದ ಬೆಲೆಗೆ ಬಾಯಿ ಮುಚ್ಚಿಕೊಂಡು ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಈಗ ಗ್ರಂಧಿಗೆ ಅಂಗಡಿಯ ವಿಷಯ. ಅವೆನ್ಯೂ ರಸ್ತೆಯಲ್ಲಿ, ಗಾಂಧಿಬಜಾರಿನಲ್ಲಿ, ಮಲ್ಲೇಶ್ವರದಲ್ಲಿ ಇನ್ನೂ ಕೆಲವು ಉಳಿದಿವೆ. ಬಾಗಿಲಿಗೆ ಬರುವ ಮೊದಲೇ ವಾಸನೆಯಿಂದ ಗುರುತು ಸಿಗುತ್ತದೆ: ಲಾವಂಚ, ಕರ್ಪೂರ, ಬಜೆ, ಸಾಂಬ್ರಾಣಿ. ಅಳಲೆಕಾಯಿ, ಹಿಪ್ಪಲಿ, ಜ್ಯೇಷ್ಠಮಧುಗಳ ಪಕ್ಕದಲ್ಲೇ ದರ್ಭೆ, ಸಮಿತ್ತು, ಗೆಜ್ಜೆವಸ್ತ್ರ, ಬಾಸಿಂಗ. ಮದುವೆಗೆ ಸಾಮಾನು ಬೇಕೆಂದರೆ ಅಲ್ಲಿನವರು ಪಟ್ಟಿ ಕೇಳುವುದಿಲ್ಲ, "ಯಾವ ಪದ್ಧತಿ?" ಎಂದು ಕೇಳುತ್ತಾರೆ. ನೀವು ಹೇಳಿದರೆ ಸಾಕು, ನಿಮ್ಮ ಮನೆಯ ಹಿರಿಯರಿಗೂ ಮರೆತುಹೋದ ಎರಡು ಪದಾರ್ಥಗಳನ್ನು ಸೇರಿಸಿ ಕಟ್ಟಿಕೊಡುತ್ತಾರೆ. ಹತ್ತಾರು ಸಮುದಾಯಗಳ ಶಾಸ್ತ್ರ ಸಂಪ್ರದಾಯಗಳ ನೆನಪು ಆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿರುತ್ತದೆ. ವಿದ್ವಾಂಸರು ಇದನ್ನು ಸಂಗ್ರಹಿಸಿದರೆ ಒಳ್ಳೆಯ ಗ್ರಂಥವಾದೀತು. ಹಾಗೆಂದು ಅಂಗಡಿಯವರು ಹೇಳಿದ್ದೆಲ್ಲ ವೇದವಾಕ್ಯವಲ್ಲ. ಕೂಸಿಗೆ ಬಜೆ ತೇಯ್ದು ನೆಕ್ಕಿಸುವ ಪದ್ಧತಿ ನಮ್ಮಲ್ಲಿದೆ. ಅದರಲ್ಲಿರುವ ಬೀಟಾ ಅಸರೋನ್ ಎಂಬ ರಾಸಾಯನಿಕದ ಬಗ್ಗೆ ವಿಜ್ಞಾನ ಎಚ್ಚರಿಕೆ ಕೊಟ್ಟಿದೆ. ಮಕ್ಕಳ ವಿಷಯದಲ್ಲಿ ಅಂಗಡಿಗಿಂತ ಮೊದಲು ವೈದ್ಯರನ್ನು ಕೇಳಿ.

ತಿಳಿವಳಿಕೆಯೇ ಸರಕಾದ ಅಂಗಡಿಗೆ ಇನ್ನೊಂದು ಉದಾಹರಣೆ ಪೇಟೆಯ ಹೊರಗಿನದು, ಚರ್ಚ್ ಸ್ಟ್ರೀಟಿನ ಬಳಿ ಇದ್ದ ಪ್ರೀಮಿಯರ್ ಪುಸ್ತಕದಂಗಡಿ. ಟಿ.ಎಸ್. ಶಾನಭಾಗರು 1971ರಿಂದ ನಡೆಸುತ್ತಿದ್ದರು. ನೆಲದಿಂದ ಚಾವಣಿಯವರೆಗೆ ಪುಸ್ತಕಗಳ ಗೋಡೆ. ನಡುವೆ ಒಬ್ಬರು ಅಡ್ಡವಾಗಿ ನಿಂತರೆ ಇನ್ನೊಬ್ಬರು ದಾಟುವಂತಿರಲಿಲ್ಲ. ಕೆಳಗಿನದನ್ನು ಎಳೆದರೆ ಮೇಲಿನದೆಲ್ಲ ತಲೆಯ ಮೇಲೆ ಬೀಳುತ್ತದೆಂಬ ಭಯ. ಶಾನಭಾಗರಿಗೆ ಮಾತ್ರ ಯಾವ ಪುಸ್ತಕ ಯಾವ ರಾಶಿಯ ಯಾವ ಪದರದಲ್ಲಿದೆ ಎಂಬುದು ಗೊತ್ತಿತ್ತು. ಯಾರು ಏನನ್ನು ಓದುತ್ತಾರೆಂಬುದೂ ಗೊತ್ತಿತ್ತು. ಅಂಗಡಿ 2009ರಲ್ಲಿ ಮುಚ್ಚಿತು. ಶಾನಭಾಗರು 2021ರಲ್ಲಿ ತೀರಿಕೊಂಡಾಗ ಅವರ ಗಿರಾಕಿಗಳಾಗಿದ್ದ ಲೇಖಕರು, ಪ್ರಾಧ್ಯಾಪಕರು, ಒಂದು ಕಾಲದ ಬಡ ವಿದ್ಯಾರ್ಥಿಗಳು ಬರೆದ ಶ್ರದ್ಧಾಂಜಲಿಗಳನ್ನು ನೋಡಬೇಕಿತ್ತು. ಅದೇ ರಸ್ತೆಯಲ್ಲಿ ಬ್ಲಾಸಮ್ ಎಂಬ ಅಂಗಡಿ ಇದೆ. ಅದರ ಮಾಯಿಗೌಡರು ಎಂಜಿನಿಯರಿಂಗ್ ಓದಿದವರು, ಪಾದಚಾರಿ ಮಾರ್ಗದ ಮೇಲೆ ಹಳೆಯ ಪುಸ್ತಕ ಮಾರುವುದರಿಂದ ಆರಂಭಿಸಿದವರು. ಅಂಥ ಅಂಗಡಿಗಳ ಕಾಲ ಮುಗಿಯಿತೆಂದು ಹೇಳುವವರಿಗೆ ಅವರ ಮಹಡಿಗಳನ್ನು ಒಮ್ಮೆ ಹತ್ತಿ ನೋಡಿ ಎನ್ನುತ್ತೇನೆ.

ಹಾಗಾದರೆ ಪೇಟೆಗೆ ಏನು ಗಂಡಾಂತರ? ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ತಂದುಕೊಡುವ ವ್ಯಾಪಾರ ಒಂದು, ನಿಜ. ಅದಕ್ಕಿಂತ ಹೆಚ್ಚು ಗಾಬರಿಪಡಬೇಕಾದದ್ದು ಬಾಡಿಗೆಯ ವಿಷಯವೆಂದು ನನಗೆ ತೋರುತ್ತದೆ. ಆ ಮಹಡಿಯ ಯಜಮಾನರು ಬಿಸ್ಕತ್ತಿನ ಡಬ್ಬಗಳಲ್ಲಿ ದಿನಕ್ಕೆ ಹತ್ತೋ ಹನ್ನೆರಡೋ ಬೆಲ್ಟು ಮಾರಿ ಬದುಕಿರುವುದು ಹೇಗೆ? ಕಟ್ಟಡ ಹಳೆಯದು, ಮೆಟ್ಟಿಲು ಮುರುಕು, ಆದ್ದರಿಂದ ಬಾಡಿಗೆ ಕಡಿಮೆ. ಅಮೆರಿಕದ ಜೇನ್ ಜೇಕಬ್ಸ್ 1961ರಲ್ಲಿ ದೊಡ್ಡ ನಗರಗಳ ಸಾವು ಬದುಕಿನ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ಒತ್ತಿ ಹೇಳಿದ್ದಾರೆ. ಹೊಸ ಕಟ್ಟಡದ ಬಾಡಿಗೆಯನ್ನು ತೆರಬಲ್ಲವರು ದೊಡ್ಡ ಲಾಭದ ವ್ಯಾಪಾರದವರು ಮಾತ್ರ. ಕಿರಿದಾದ, ವಿಚಿತ್ರವಾದ, ಇನ್ನೂ ಪ್ರಯೋಗದಲ್ಲಿರುವ ವ್ಯಾಪಾರಗಳಿಗೆ ಹಳೆಯ ಕಟ್ಟಡವೇ ಗತಿ. ಪೇಟೆಯ ಹಳೆಯ ಕಟ್ಟಡ ಬಿದ್ದು ಗಾಜಿನ ಮುಂಭಾಗದ ಸಂಕೀರ್ಣ ಎದ್ದಾಗ ಸೀರೆ ಅಂಗಡಿ ಹಿಂತಿರುಗಿ ಬರುತ್ತದೆ, ಬೆಲ್ಟಿನ ಅಂಗಡಿ ಬರುವುದಿಲ್ಲ. ಬೀದಿಯ ಸರಪಳಿಯಲ್ಲಿ ಒಂದು ಕೊಂಡಿ ಹೋದರೆ ಕೆಳಗಿನ ಹುಡುಗ ಗಿರಾಕಿಯನ್ನು ಎಲ್ಲಿಗೆ ಕಳಿಸಬೇಕು?

ಆದರೆ ಹಳೆಯದೆಲ್ಲ ಹಾಗೆಯೇ ಇರಲಿ ಎಂದು ಹೇಳಲು ನನಗೆ ಧೈರ್ಯವಿಲ್ಲ. 2012ರ ಫೆಬ್ರವರಿಯಲ್ಲಿ ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಮಳಿಗೆಗಳು ಸುಟ್ಟವು. 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯ ಕಟ್ಟಡವೊಂದರಲ್ಲಿ ಹತ್ತಿದ ಬೆಂಕಿಗೆ ಐವರು ಬಲಿಯಾದರು. ಕೆಳಗೆ ಸರಕು, ಮೇಲೆ ಸಂಸಾರ, ನಡುವೆ ಒಂದೇ ಮೆಟ್ಟಿಲು, ತಲೆಯ ಮೇಲೆ ಬಳ್ಳಿಯಂತೆ ಹೆಣೆದುಕೊಂಡ ವಿದ್ಯುತ್ ತಂತಿ, ಅಗ್ನಿಶಾಮಕ ವಾಹನ ನುಗ್ಗಲಾರದ ಓಣಿ. ಈ ವರ್ಣನೆ ಪೇಟೆಯ ಅದೆಷ್ಟೋ ಕಟ್ಟಡಗಳಿಗೆ ಒಪ್ಪುತ್ತದೆ. ನಾನು ಮೆಚ್ಚಿಕೊಂಡು ಬಂದ ಆ ಎಂಟಡಿ ಕೋಣೆಗೂ ಒಪ್ಪುತ್ತದೆ. ಇಳಿಯುವಾಗ ಆ ಮೆಟ್ಟಿಲ ಮೇಲೆ ರಟ್ಟಿನ ಪೆಟ್ಟಿಗೆಗಳು ಒಟ್ಟಿದ್ದವು. ಇನ್ನು ಶೌಚಾಲಯದ ಮಾತು. ಬೆಳಗಿನ ಜಾವ ಮೂರಕ್ಕೆ ಮನೆ ಬಿಟ್ಟು ಮಧ್ಯಾಹ್ನದವರೆಗೆ ಹೂವಿನ ಮುಂದೆ ಕೂರುವ ಹೆಂಗಸರನ್ನು ಕೇಳಿದರೆ, ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ ಎನ್ನುತ್ತಾರೆ. ತಂತಿ ಸರಿಪಡಿಸುವುದಕ್ಕೆ, ಎರಡನೆಯ ಮೆಟ್ಟಿಲು ಹಾಕುವುದಕ್ಕೆ, ಶೌಚಾಲಯ ಕಟ್ಟುವುದಕ್ಕೆ ಪೇಟೆಯನ್ನೇ ಕೆಡವಬೇಕಾಗಿಲ್ಲ. ಇವು ಒಂದೊಂದೂ ಸಣ್ಣ ಕೆಲಸ, ಆದ್ದರಿಂದಲೇ ಯಾರ ಯೋಜನೆಯಲ್ಲೂ ಸೇರುವುದಿಲ್ಲವೋ ಏನೋ.

ಬೀದಿಯಲ್ಲಿ ಮಾರುವವರಿಗೆ ಕಾನೂನಿನ ಆಸರೆ ಇಲ್ಲವೆಂದಲ್ಲ. ಬೀದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆಯ ಕೇಂದ್ರ ಕಾಯಿದೆ 2014ರಲ್ಲಿ ಬಂತು. ಅದರ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರು. ಸಮೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ನೀವು ಸೊಪ್ಪು ಕೊಳ್ಳುವಾಕೆಯ ಬಳಿ ಆ ಪತ್ರ ಇದೆಯೇ ಎಂದು ಒಮ್ಮೆ ವಿಚಾರಿಸಿ. ಇದ್ದರೆ ಆಕೆ ಅದನ್ನು ಸೆರಗಿನ ಗಂಟಿನಷ್ಟೇ ಜೋಪಾನವಾಗಿ ಇಟ್ಟಿರುತ್ತಾಳೆ.

ಪೇಟೆ ಹೊಸದನ್ನು ಒಲ್ಲದ ಜಾಗವೆಂದು ತಿಳಿಯುವುದೂ ತಪ್ಪು. ಯುಪಿಐ ಬಂದದ್ದು 2016ರಲ್ಲಿ. ಕೆಲವೇ ವರ್ಷಗಳಲ್ಲಿ ಹೂವಿನ ಬುಟ್ಟಿಗೂ ಕ್ಯೂಆರ್ ಚೀಟಿ ಅಂಟಿಕೊಂಡಿತು. ಓದು ಬಾರದ ಹೆಂಗಸು ಪೆಟ್ಟಿಗೆ ಕೂಗಿದ ಮೊತ್ತವನ್ನು ಕೇಳಿ ತಲೆಯಾಡಿಸುವುದನ್ನು ನೀವು ನೋಡಿದ್ದೀರಿ. 2025ರ ಜುಲೈನಲ್ಲಿ ಆ ಲೆಕ್ಕವನ್ನೇ ಆಧರಿಸಿ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಬಂದವು. ಸರಕಿನ ವ್ಯಾಪಾರಕ್ಕೆ ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕೆಂಬುದು ನಿಯಮ. ಆದರೆ ಹಣ್ಣು, ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಸರಕು ಮಾರುವವರಿಗೂ ನೋಟಿಸು ಹೋದದ್ದರಿಂದ ದಿಗಿಲು ಹಬ್ಬಿತು. "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಫಲಕಗಳು ನಗರದಲ್ಲೆಲ್ಲ ತೂಗಿದವು. ವ್ಯಾಪಾರಿಗಳು ಬೀದಿಗಿಳಿಯುವ ಸಿದ್ಧತೆ ಮಾಡಿದರು, ಸರ್ಕಾರ ಮಾತುಕತೆ ನಡೆಸಿ ಸಮಾಧಾನ ಹೇಳಿತು. ತೆರಿಗೆ ಕಟ್ಟಬೇಕಾದವರು ಕಟ್ಟಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕ ಬರೆಯುವವನನ್ನು ಇಟ್ಟುಕೊಳ್ಳಲಾರದ ಅಂಗಡಿಗೆ ನೋಟಿಸಿಗಿಂತ ಮುಂಚೆ ತಿಳಿಯುವ ಭಾಷೆಯಲ್ಲಿ ನಾಲ್ಕು ಮಾತು ತಲುಪಬೇಕಿತ್ತು. ಅದು ನಮ್ಮಂಥ ಮಾಧ್ಯಮದವರ ಕೆಲಸವೂ ಹೌದು.

ಭಾಷೆ ಎಂದಾಗ ನೆನಪಾಯಿತು. ಚಿಕ್ಕಪೇಟೆಯಲ್ಲಿ ಅರ್ಧ ಗಂಟೆ ನಿಂತರೆ ಕನ್ನಡ, ತೆಲುಗು, ತಮಿಳು, ದಕ್ಖನಿ ಉರ್ದು, ಮಾರವಾಡಿ, ಗುಜರಾತಿ ಎಲ್ಲವೂ ಕಿವಿಗೆ ಬೀಳುತ್ತವೆ. ಗಿರಾಕಿ ಬಾಯಿ ತೆರೆದ ಭಾಷೆಯಲ್ಲೇ ಸೇಟು ಮಾತು ಮುಂದುವರಿಸುತ್ತಾರೆ. ನಗರದ ಬೇರೆ ಕಡೆ ಭಾಷೆಯ ಬಗ್ಗೆ ನಡೆಯುವ ಜಗಳಗಳನ್ನು ಕೇಳುವಾಗ ನನಗೆ ಈ ಬೀದಿಯನ್ನು ತೋರಿಸಬೇಕೆನಿಸುತ್ತದೆ. ಮೂರು ತಲೆಮಾರಿನಿಂದ ಇಲ್ಲಿರುವ ರಾಜಸ್ಥಾನಿ ಮನೆತನದ ಸೇಟು ಕನ್ನಡದಲ್ಲಿ ಸೀರೆಯ ಸೆರಗು, ಒಡಲು, ಅಂಚುಗಳ ಹೆಸರನ್ನು ಹೇಳುವ ರೀತಿ ಕೇಳಿ. ನಮ್ಮ ಮನೆಯ ಹೆಣ್ಣುಮಕ್ಕಳಿಗೇ ಅಷ್ಟು ಪದ ಬರುವುದಿಲ್ಲ.

ಹೋಗುವವರಿಗೆ ಒಂದೆರಡು ಸೂಚನೆ. ಕಾರು ತರಬೇಡಿ, ನಿಲ್ಲಿಸುವ ಜಾಗ ಹುಡುಕುವುದರಲ್ಲೇ ದಿನ ಮುಗಿಯುತ್ತದೆ. ಮೆಟ್ರೊ ರೈಲಿನ ಹಸಿರು ಮಾರ್ಗ 2017ರಲ್ಲಿ ಪೇಟೆಯ ಕೆಳಗೇ ಹಾದುಹೋಗಿದೆ. ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದು, ಬೀದಿ ಬೀದಿ ಸುತ್ತಿ, ದಕ್ಷಿಣಕ್ಕೆ ನಡೆದು ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಮತ್ತೆ ಹತ್ತಬಹುದು. ಮೊದಲ ಸಲ ಹೋಗುವವರು ಏನನ್ನೂ ಕೊಳ್ಳುವ ಆತುರ ಬೇಡ. ಸಗಟು ಅಂಗಡಿಗಳು ಬಹುತೇಕ ಭಾನುವಾರ ಮುಚ್ಚಿರುತ್ತವೆ. ಆಗ ಅವುಗಳ ಮುಂದಿನ ಜಗಲಿಗಳ ಮೇಲೆ ಹಳೆಯ ಸಾಮಾನಿನ ಬೇರೆಯೇ ಒಂದು ಸಂತೆ ನೆರೆಯುತ್ತದೆ. ಕೈಯಲ್ಲಿ ಬಟ್ಟೆಯ ಚೀಲವಿರಲಿ, ಕಾಲಿಗೆ ಹಳೆಯ ಚಪ್ಪಲಿ. ಮೂಟೆ ಹೊತ್ತವರು "ಸೈಡು, ಸೈಡು" ಎಂದರೆ ತಕ್ಷಣ ಗೋಡೆಗೆ ಒರಗಿ, ಅವರು ನಿಲ್ಲಲಾರರು. ದುರಸ್ತಿಗೆ ಹೋಗುವುದಾದರೆ ವಸ್ತುವಿನ ಚಿತ್ರವನ್ನಲ್ಲ, ವಸ್ತುವನ್ನೇ ಕೊಂಡೊಯ್ಯಿರಿ. ಬೇಕಾದ್ದು ಸಿಗದಿದ್ದರೆ "ಇನ್ನೆಲ್ಲಿ ಸಿಗಬಹುದು?" ಎಂದು ಕೇಳಿ.

ಆ ಸಂಜೆ ಮನೆಗೆ ಬಂದು ಪೆಟ್ಟಿಗೆಯನ್ನು ತಂದೆಯವರ ಮುಂದಿಟ್ಟು ಗುಂಡಿ ಒತ್ತಿದೆ. ಮೊದಲು ಪಾತ್ರೆಗಳ ಸದ್ದು, ಯಾರೋ ಮಗುವನ್ನು ಗದರಿದ್ದು, ಆಮೇಲೆ ಅಜ್ಜಿಯ ದನಿ. ತಂದೆಯವರು ಸ್ವಲ್ಪ ಹೊತ್ತು ಕೇಳಿ, "ಹಾಡು ಎಳೀತಾ ಇಲ್ಲವಲ್ಲ, ಯಾರ ಹತ್ರ ಮಾಡಿಸಿದೆ?" ಎಂದರು. ಆ ಓಣಿಯ ಗುರುತು ಹೇಳಿದೆ. ಅವರ ಗಡಿಯಾರದ ಪಟ್ಟಿಯೂ ಸವೆದಿದೆಯಂತೆ. ಬರುವ ಶನಿವಾರ ಇಬ್ಬರೂ ಹೋಗುವುದೆಂದಾಗಿದೆ.